ನಿಯಮ ಯಾರದು? ಸರದಿಯಾಟಗಳನ್ನು ವಾಡಿಕೆ ಮೀರಿ ಆಡುವ ಬಗೆಗಳು

ಒಬ್ಬರ ನಡೆ ಮುಗಿಯುವವರೆಗೆ ಇನ್ನೊಬ್ಬರು ಕಾಯಲೇಬೇಕಾದ, ಕೈಚಳಕಕ್ಕಿಂತ ಲೆಕ್ಕಾಚಾರಕ್ಕೆ ಹೆಚ್ಚು ಬೆಲೆಯಿರುವ ಆಟಗಳನ್ನು ಸರದಿಯಾಟಗಳೆನ್ನಬಹುದು. ಚದುರಂಗ, ಆಡು-ಹುಲಿ, ಅಳಗುಳಿ ಮಣೆಗಳು ಈ ಕುಲಕ್ಕೆ ಸೇರಿದವು. 1991ರಲ್ಲಿ ಸಿಡ್ ಮೈಯರ್ ಮತ್ತು ಬ್ರೂಸ್ ಶೆಲ್ಲಿ ರೂಪಿಸಿದ ‘ಸಿವಿಲೈಸೇಷನ್’, 1999ರ ‘ಹೀರೋಸ್ ಆಫ್ ಮೈಟ್ ಅಂಡ್ ಮ್ಯಾಜಿಕ್ 3’ ಮೊದಲಾದ ಕಂಪ್ಯೂಟರ್ ಆಟಗಳೂ ಇದೇ ಕುಲದವು. ಆಟವನ್ನು ಕಟ್ಟಿದವರು ಗೆಲುವಿಗೊಂದು ರಾಜಮಾರ್ಗವನ್ನು ಹಾಕಿಕೊಟ್ಟಿರುತ್ತಾರಾದರೂ ಎಲ್ಲರೂ ಅದರಲ್ಲೇ ನಡೆಯುವುದಿಲ್ಲ. ಇಡೀ ಭೂಮಂಡಲವನ್ನು ಆಳಬಹುದಾದ ಆಟದಲ್ಲಿ ಒಂದೇ ಊರನ್ನು ಕಟ್ಟಿಕೊಂಡು ಕೂರುವವರಿದ್ದಾರೆ, ಯುದ್ಧಕ್ಕೆಂದೇ ಮಾಡಿದ ಆಟದಲ್ಲಿ ಕತ್ತಿ ಹಿರಿಯದೆ ಉಳಿಯುವವರಿದ್ದಾರೆ, ಗೆದ್ದಾದ ಮೇಲೂ ವರ್ಷಗಟ್ಟಲೆ ಆಟ ಮುಂದುವರಿಸುವವರಿದ್ದಾರೆ. ಹೀಗೆ ಆಡಿದಾಗ ಆಡಿದ್ದು ಅದೇ ಆಟವೇ, ಕೆಟ್ಟುಹೋದ ಆಟವೇ ಅಥವಾ ಬೇರೊಂದು ಆಟವೇ ಎಂಬ ಪ್ರಶ್ನೆಗೆ ಆಟದ ವಿನ್ಯಾಸಕಾರರು, ತತ್ತ್ವಶಾಸ್ತ್ರಜ್ಞರು ಮತ್ತು ಸಂಸ್ಕೃತಿ ಅಧ್ಯಯನಕಾರರು ಬೇರೆಬೇರೆ ಉತ್ತರಗಳನ್ನು ಕೊಟ್ಟಿದ್ದಾರೆ.

ಈ ಚರ್ಚೆ ಕಂಪ್ಯೂಟರಿನಿಂದಲೇ ಹುಟ್ಟಿತೆಂಬಂತೆ ಬರೆಯುವುದು ರೂಢಿ. ಕೋಲಾರ ಸೀಮೆಯ ಮಣೆಯಾಟಗಳನ್ನೂ ಮೈಸೂರು ಅರಮನೆಯ ಆಟದ ಹಾಸುಗಳನ್ನೂ ಎದುರಿಗಿಟ್ಟುಕೊಂಡರೆ ಆ ರೂಢಿ ನಿಲ್ಲುವುದಿಲ್ಲ. ಇಲ್ಲಿ ನಿಯಮವನ್ನು ಆಡುವವರೇ ಮಾತಾಡಿ ಗೊತ್ತುಮಾಡಿಕೊಳ್ಳುತ್ತಿದ್ದರು; ಕಂಪ್ಯೂಟರ್ ಕಸಿದುಕೊಂಡ ಆ ಹಕ್ಕನ್ನು ಆಟಗಾರರು ಮರಳಿ ಪಡೆಯುತ್ತಿರುವ ದಾರಿಯೇ ಇಂದಿನ ವಾಡಿಕೆ ಮೀರಿದ ಆಟ ಎಂಬುದು ಈ ಸಮೀಕ್ಷೆಯ ನಿಲುವು.

ಆಟಕ್ಕೆ ಮೊದಲಿನ ಮಾತು

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳು ಕನ್ನಡ ಮತ್ತು ತೆಲುಗು ಒಂದೇ ಜಗಲಿಯಲ್ಲಿ ಕೂರುವ, ತಮಿಳು ನಾಡಿನ ಗಡಿಯೂ ಹತ್ತಿರದಲ್ಲೇ ಇರುವ ನೆಲ. ಕನ್ನಡದ ಆಡು-ಹುಲಿಯೇ ತೆಲುಗು ಮಾತಿನ ಮನೆಗಳಲ್ಲಿ ಪುಲಿ-ಮೇಕ. ತಮಿಳಿನವರಿಗೆ ಅದು ಆಡು-ಪುಲಿ ಆಟ. ಹಾಸನ್ನು ಸೀಮೆಸುಣ್ಣದಿಂದಲೋ ಇದ್ದಿಲಿನಿಂದಲೋ ಬರೆದುಕೊಂಡರೆ ಸಾಕು, ಕಾಯಿಗಳಿಗೆ ಹುಣಿಸೆ ಬೀಜವೂ ಬೆಣಚುಕಲ್ಲೂ ಇದ್ದೇ ಇರುತ್ತವೆ. ದಕ್ಷಿಣ ಭಾರತದ ಅನೇಕ ದೇವಾಲಯಗಳ ಮಂಟಪಗಳಲ್ಲಿ ಇಂಥ ಹಾಸುಗಳನ್ನು ಚಪ್ಪಡಿಯ ಮೇಲೇ ಕೊರೆದಿರುವುದೂ ಉಂಟು.

ಆಟದ ರಚನೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ತುದಿಯೊಂದರಿಂದ ಇಳಿಯುವ ಗೆರೆಗಳನ್ನು ಅಡ್ಡಗೆರೆಗಳು ಕತ್ತರಿಸುವ ಮುಕ್ಕೋನದ ಹಾಸಿನಲ್ಲಿ 23 ಸಂಧಿಗಳಿರುತ್ತವೆ. ಒಬ್ಬರಿಗೆ 3 ಹುಲಿ, ಇನ್ನೊಬ್ಬರಿಗೆ 15 ಆಡು. ಆಡುಗಳನ್ನು ಒಂದೊಂದಾಗಿ ಇಡುತ್ತಾ ಹೋಗಬೇಕು, ಎಲ್ಲ ಆಡುಗಳೂ ಹಾಸಿಗೆ ಇಳಿಯುವವರೆಗೆ ಯಾವ ಆಡೂ ಕದಲುವಂತಿಲ್ಲ. ಹುಲಿ ಮಾತ್ರ ಪಕ್ಕದ ಆಡನ್ನು ಹಾರಿ, ಆಚೆಯ ಖಾಲಿ ಸಂಧಿಗೆ ಇಳಿದು, ಅದನ್ನು ತಿನ್ನುತ್ತದೆ. ಮೂರು ಹುಲಿಗಳೂ ಅತ್ತಿತ್ತ ಅಲುಗದಂತೆ ಕಟ್ಟಿಹಾಕಿದರೆ ಆಡಿನವರು ಗೆದ್ದರು. ಇಷ್ಟು ಎಲ್ಲೆಡೆ ಬಹುಮಟ್ಟಿಗೆ ಒಂದೇ. ಎಷ್ಟು ಆಡು ತಿಂದರೆ ಹುಲಿ ಗೆದ್ದಂತೆ, ಒಂದೇ ನಡೆಯಲ್ಲಿ ಎರಡು ಆಡುಗಳನ್ನು ಹಾರಬಹುದೇ, ಹುಲಿಗಳನ್ನು ಮೊದಲೇ ಇಟ್ಟುಬಿಡಬೇಕೇ ಅಥವಾ ಅವನ್ನೂ ಸರದಿಯಲ್ಲಿ ಇಳಿಸಬೇಕೇ ಎಂಬುದು ಮಾತ್ರ ಊರಿಂದ ಊರಿಗೆ ಬದಲಾಗುತ್ತದೆ. ಹಾಗಾಗಿ ಆಟ ಶುರುವಾಗುವುದಕ್ಕೆ ಮೊದಲು ಮಾತು ಶುರುವಾಗಬೇಕು. ಆಟದ ತೂಕ ಅಸಮವಾಗಿರುವುದರಿಂದ ಆ ಮಾತಿಗೆ ವಿಶೇಷ ಬೆಲೆ: ದೊಡ್ಡವರು ಹುಲಿ ಹಿಡಿದರೆ ಎರಡು ಆಡು ಹೆಚ್ಚು ತಿನ್ನಬೇಕೆಂದೋ ಚಿಕ್ಕವರು ಹಿಡಿದರೆ ಕಡಿಮೆ ತಿಂದರೆ ಸಾಕೆಂದೋ ಒಪ್ಪಿಕೊಂಡು ಪಟ್ಟನ್ನು ಸರಿದೂಗಿಸಬಹುದು.

ಅಳಗುಳಿ ಮಣೆಯಲ್ಲಿಯೂ ಇದೇ ಸ್ಥಿತಿ. ಎರಡು ಸಾಲಿನ 14 ಗುಳಿಗಳು ಬದಲಾಗುವುದಿಲ್ಲ, ಗುಳಿಗೆ ನಾಲ್ಕು ಬೀಜವೋ ಐದೋ ಎಂಬುದು ಬದಲಾಗುತ್ತದೆ. ಎದುರಾಳಿಯೇ ಇಲ್ಲದೆ ಒಬ್ಬರೇ ಆಡುವ ಬಗೆಯೂ ಉಂಟು. ತಮಿಳಿನಲ್ಲಿ ಅದಕ್ಕೆ ಸೀತೆಯ ಹೆಸರನ್ನೇ ಇಟ್ಟಿದ್ದಾರೆ. ಇಬ್ಬರಿಗೆಂದು ಮಾಡಿದ ಮಣೆಯನ್ನು ಒಂಟಿತನಕ್ಕೆ ಒಗ್ಗಿಸಿಕೊಂಡ ಈ ಬಗೆಯಲ್ಲಿ ಗೆಲುವಿನ ಅರ್ಥವೇ ಬೇರೆಯಾಗುತ್ತದೆ.

ಚದುರಂಗದ ಭಾರತೀಯ ವಾಡಿಕೆಗಳೂ ಇಲ್ಲಿ ನೆನಪಾಗಬೇಕು. ಪದಾತಿ ಮೊದಲ ನಡೆಯಲ್ಲೂ ಒಂದೇ ಮನೆ ಮುಂದೆ ಹೋಗುವುದು, ರಾಜ ತನಗೆ ಷಹ (ಚೆಕ್) ಬೀಳುವ ಮೊದಲು ಒಂದೇ ಒಂದು ಸಲ ಕುದುರೆಯಂತೆ ಹಾರಬಹುದಾಗಿರುವುದು, ಕೊನೆಯ ಸಾಲು ಮುಟ್ಟಿದ ಪದಾತಿ ತಾನು ಮುಟ್ಟಿದ ಮನೆಯ ಮೂಲ ಕಾಯಿಯ ಪದವಿಯನ್ನೇ ಪಡೆಯುವುದು, ಇವೆಲ್ಲ ಅಂತರರಾಷ್ಟ್ರೀಯ ನಿಯಮ ನೆಲೆಯೂರುವ ಮೊದಲು ಚಾಲ್ತಿಯಲ್ಲಿದ್ದವು. ಇಂದು ಇವು ವಿಚಿತ್ರವೆನಿಸಿದರೆ ಅದಕ್ಕೆ ಕಾರಣ ನಿಯಮ ಒಂದೇ ಕಡೆಯಿಂದ ಇಳಿದುಬಂದದ್ದು.

ಮುಮ್ಮಡಿಯವರ ಹಾಸುಗಳು

ಇರುವ ಆಟವನ್ನು ಇರುವಂತೆ ಆಡಲೊಲ್ಲದ ಕನ್ನಡ ನಾಡಿನ ಅತ್ಯಂತ ದೊಡ್ಡ ಉದಾಹರಣೆ ಮೈಸೂರಿನ ಅರಸ ಮುಮ್ಮಡಿ ಕೃಷ್ಣರಾಜ ಒಡೆಯರ್. 1794ರಲ್ಲಿ ಹುಟ್ಟಿ 1799ರಲ್ಲಿ ಬಾಲಕನಾಗಿಯೇ ಪಟ್ಟವೇರಿದ ಅವರಿಂದ 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕಿತ್ತುಕೊಂಡರು. 1868ರಲ್ಲಿ ತೀರಿಕೊಳ್ಳುವವರೆಗೆ ಅವರು ಹೆಸರಿಗಷ್ಟೇ ಅರಸರಾಗಿದ್ದರು. ಕೋಲಾರವೂ ಸೇರಿದ್ದ ಸಂಸ್ಥಾನ ಕಮಿಷನರರ ಕೈಗೆ ಹೋದ ಆ ದಶಕಗಳಲ್ಲಿ ಅರಮನೆಯಲ್ಲಿ ನಡೆದ ಕೆಲಸಗಳಲ್ಲಿ ಆಟಗಳ ಪರಿಷ್ಕರಣವೂ ಒಂದು. ಅವರ ಹೆಸರಿನಲ್ಲಿರುವ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿ ಆಟಗಳಿಗೆ ಮೀಸಲು.

ಮುಮ್ಮಡಿಯವರು ಮಾಡಿದ್ದೇನು? ದುಂಡನೆಯ ಎಲೆಗಳಿಂದ ಆಡುವ ಗಂಜೀಫಾ ಎಂಬ ಇಸ್ಪೀಟಿನಾಟವನ್ನು ತೆಗೆದುಕೊಂಡು, ಚಡ ಎಂಬ ಹೆಸರಿನಲ್ಲಿ ಅದರ ಹಲವು ಬಗೆಗಳನ್ನು ಕಟ್ಟಿ, ದೊಡ್ಡದರಲ್ಲಿ 360 ಎಲೆಗಳವರೆಗೆ ಬೆಳೆಸಿದರು. ಪಗಡೆಯ ಹಾಸಿಗೆ ತೋಳುಗಳನ್ನು ಸೇರಿಸಿ ನಾಲ್ವರಿಗಿಂತ ಹೆಚ್ಚು ಮಂದಿ ಕೂರುವಂತೆ ಮಾಡಿದರು. ಎಲ್ಲಕ್ಕಿಂತ ಮಿಗಿಲಾಗಿ, ಚದುರಂಗದ ಹಾಸಿನಿಂದ ಯುದ್ಧವನ್ನೇ ತೆಗೆದುಹಾಕಿ, ಒಂದು ಕುದುರೆಯನ್ನು ಮಾತ್ರ ಉಳಿಸಿಕೊಂಡು, ಅದು ಪ್ರತಿ ಮನೆಯನ್ನೂ ಒಂದೇ ಸಲ ಮುಟ್ಟುವಂತೆ ನಡೆಸುವ ಬಂಧಗಳನ್ನು ರಚಿಸಿದರು. ನಡೆಗಳಿಗೆ ಕ್ರಮವಾಗಿ ಅಂಕಿ ಬರೆದಾಗ ಸಾಲುಗಳ ಮೊತ್ತ ಸಮನಾಗುವಂತೆ ಮಾಡಿದ, ಅಂದರೆ ಕುದುರೆ ನಡೆಯನ್ನೂ ಮಾಯಾಚೌಕವನ್ನೂ ಒಂದಾಗಿಸಿದ ಬಂಧಗಳೂ ಅವುಗಳಲ್ಲಿವೆ. ಕುದುರೆ ನಡೆಯ ಸಮಸ್ಯೆ ಹಳೆಯದು. ಕಾಶ್ಮೀರದ ರುದ್ರಟ 9ನೇ ಶತಮಾನದಲ್ಲೇ ಅದನ್ನು ಚಿತ್ರಕಾವ್ಯಕ್ಕೆ ಬಳಸಿದ್ದ, ಯೂರೋಪಿನಲ್ಲಿ 18ನೇ ಶತಮಾನದಲ್ಲಿ ಆಯ್ಲರ್ ಅದನ್ನು ಗಣಿತವಾಗಿ ಕಂಡಿದ್ದ. ಅರಸೊಬ್ಬ ಅದನ್ನು ಇಷ್ಟು ಸಲ, ಇಷ್ಟು ಬಗೆಯಲ್ಲಿ ಬಿಡಿಸಿದ್ದು ಅಪರೂಪ. ರಾಜ್ಯವನ್ನಾಳುವ ಅಧಿಕಾರವಿಲ್ಲದವನಿಗೆ ಸೋಲು-ಗೆಲುವಿಲ್ಲದ ಚದುರಂಗ ಆಪ್ತವೆನಿಸಿತೆಂದು ಹೇಳಿಬಿಡುವುದು ಸುಲಭ. ಹಾಸುಗಳಲ್ಲಿ ಕಾಣುವುದು ಮಾತ್ರ ಬೇಸರ ಕಳೆಯುವ ಮನಸ್ಸಿಗಿಂತ ಬಹಳ ಗಟ್ಟಿಯಾದ, ಹಟ ಹಿಡಿದ ಬುದ್ಧಿ.

ಕಂಪ್ಯೂಟರ್ ತಂದ ಬದಲಾವಣೆ

ಮಣೆಯ ಮೇಲೆ ನಿಯಮವನ್ನು ಕಾಯುವವರು ಆಡುವವರೇ. ಕಂಪ್ಯೂಟರಿನಲ್ಲಿ ಆ ಕೆಲಸ ಪ್ರೋಗ್ರಾಮಿನದು. ತಪ್ಪು ನಡೆಯನ್ನು ಅದು ಸ್ವೀಕರಿಸುವುದೇ ಇಲ್ಲ, ಚೌಕಾಸಿಗೆ ಎಡೆ ಕೊಡುವುದಿಲ್ಲ. ಆದ್ದರಿಂದ ಪ್ರೋಗ್ರಾಮಿನ ಕಡತಗಳನ್ನೇ ತಿದ್ದದೆ ಇಲ್ಲಿ ವಾಡಿಕೆಯನ್ನು ಮೀರಲು ಆಟಗಾರನಿಗೆ ಉಳಿಯುವುದು ಎರಡೇ ದಾರಿ: ಪ್ರೋಗ್ರಾಮ್ ಒಪ್ಪುವ ನಡೆಗಳಲ್ಲಿ ಕೆಲವನ್ನು ತಾನಾಗಿಯೇ ಬಿಟ್ಟುಕೊಡುವುದು ಅಥವಾ ಒಪ್ಪಿಗೆ ಇದ್ದೂ ಯಾರೂ ಊಹಿಸದ ನಡೆಯನ್ನು ಕೊನೆಯವರೆಗೆ ಎಳೆಯುವುದು.

ಎರಡನೆಯ ದಾರಿಯ ಪ್ರಸಿದ್ಧ ನಿದರ್ಶನ ‘ಸಿವಿಲೈಸೇಷನ್’ನಲ್ಲಿ ಊರುಗಳನ್ನು ಒತ್ತೊತ್ತಾಗಿ ಹರಡುವ ತಂತ್ರ. ಪ್ರತಿ ಊರಿನ ನಡುವಿನ ಮನೆ (ನಕ್ಷೆಯ ಚೌಕ) ಪುಕ್ಕಟೆಯಾಗಿ ಫಲ ಕೊಡುತ್ತಿದ್ದುದರಿಂದ ಕೆಲವೇ ದೊಡ್ಡ ನಗರಗಳಿಗಿಂತ ನೆಲ ತುಂಬ ಚಿಕ್ಕ ಊರುಗಳನ್ನು ನೆಡುವುದೇ ಲಾಭವೆಂದು ಆಟಗಾರರು ಕಂಡುಕೊಂಡರು. ವಿನ್ಯಾಸಕಾರರು ಇದರ ಬೆನ್ನು ಬಿಡಲಿಲ್ಲ: 2001ರ ಮೂರನೆಯ ಆವೃತ್ತಿಯಲ್ಲಿ ದೂರದ ಊರುಗಳ ಆದಾಯವನ್ನು ಭ್ರಷ್ಟಾಚಾರ ತಿನ್ನುವಂತೆ ಬಿಗಿ ಮಾಡಿದರು, 2005ರ ನಾಲ್ಕನೆಯದರಲ್ಲಿ ಪ್ರತಿ ಊರಿಗೂ ನಿರ್ವಹಣೆಯ ಖರ್ಚು ಹೇರಿದರು, 2010ರ ಐದನೆಯದರಲ್ಲಿ ಊರು ಹೆಚ್ಚಿದಷ್ಟೂ ಇಡೀ ನಾಡಿನ ನೆಮ್ಮದಿ ಕುಗ್ಗುವಂತೆ ಮಾಡಿದರು. ಹೀಗೆ ಒಂದು ಆಟಮಾಲೆಯ ಇತಿಹಾಸದ ದೊಡ್ಡ ಭಾಗವನ್ನು ವಾಡಿಕೆ ಮೀರಿದ ಆಟಗಾರರಿಗೆ ಕೊಟ್ಟ ಉತ್ತರಗಳ ಸಾಲಾಗಿ ಓದಬಹುದು.

ಮೊದಲ ದಾರಿಗೆ ಸಾಕ್ಷಿ ಒಂದೇ ಊರಿನ ಪಣ. ಎರಡನೆಯ ಆವೃತ್ತಿಯ ಕಾಲದಲ್ಲಿ, 1990ರ ದಶಕದ ಕೊನೆಗೆ ಹೆಸರಾದ ಈ ಬಗೆಯಲ್ಲಿ ಆಟಗಾರ ಎರಡನೆಯ ಊರನ್ನು ಕಟ್ಟುವುದೂ ಇಲ್ಲ, ಗೆದ್ದುಕೊಳ್ಳುವುದೂ ಇಲ್ಲ. ಒಂದೇ ನಗರದಿಂದ ಆಲ್ಫಾ ಸೆಂಟಾರಿ ನಕ್ಷತ್ರಕ್ಕೆ ನೌಕೆ ಹಾರಿಸಬೇಕು. ಊರಿನ ಸುತ್ತ ದುಡಿಸಿಕೊಳ್ಳಬಹುದಾದ ಮನೆಗಳು 20, ಊರಿನ ಮನೆಯೂ ಸೇರಿ 21. ಆದ್ದರಿಂದ ಮೊದಲ ನಡೆಯಲ್ಲೇ ನದಿ, ಕಡಲು, ಗುಡ್ಡಗಳ ಹದ ನೋಡಿ ನೆಲ ಆರಿಸಬೇಕು. ವ್ಯಾಪಾರದ ಬಂಡಿಗಳನ್ನು ಕಟ್ಟಿ ಮಹಾನಿರ್ಮಾಣಗಳ ಕೆಲಸಕ್ಕೆ ಸುರಿಯಬೇಕು, ನೆರೆಯವರಿಗೆ ವಿದ್ಯೆಯನ್ನು ಕೊಟ್ಟು ವಿದ್ಯೆಯನ್ನು ಪಡೆಯಬೇಕು, ಯಾರನ್ನೂ ಕೆಣಕದೆ ಇರಬೇಕು. ವಿಸ್ತರಣೆಯ ಆಟವೆಂದು ಕರೆಸಿಕೊಂಡದ್ದು ಇಲ್ಲಿ ಸಂಸಾರ ನಡೆಸುವ ಆಟವಾಗುತ್ತದೆ. ಮುಂದೆ ಕಂಪನಿಯೇ ಇದನ್ನು ನಾಲ್ಕನೆಯ ಆವೃತ್ತಿಯ ಆಯ್ಕೆಗಳಲ್ಲಿ ಸೇರಿಸಿತು. ಐದನೆಯ ಆವೃತ್ತಿಯ 2013ರ ವಿಸ್ತರಣೆಯಲ್ಲಿ ಬಂದ ವೆನಿಸ್ ರಾಜ್ಯಕ್ಕಂತೂ ವಲಸೆಗಾರರನ್ನು ಕಳಿಸಿ ಊರು ಕಟ್ಟುವ ಅನುಮತಿಯೇ ಇಲ್ಲ. ಆಟಗಾರರ ಪಣ ಹೀಗೆ ಕಂಪನಿಯ ನಿಯಮವಾಯಿತು.

ನಾಲ್ಕು ಪಂಥಗಳು

ಈ ಬಗೆಗಳನ್ನು ವಿವರಿಸುವವರಲ್ಲಿ ಮೊದಲ ಪಂಥ ನಿರ್ಬಂಧವಾದಿಗಳದು. ಇದರ ಬುನಾದಿ ತತ್ತ್ವಶಾಸ್ತ್ರಜ್ಞ ಬರ್ನಾರ್ಡ್ ಸೂಟ್ಸ್ 1978ರ ‘ದಿ ಗ್ರಾಸ್‌ಹಾಪರ್’ ಪುಸ್ತಕದಲ್ಲಿ ಕೊಟ್ಟ ವಿವರಣೆ: ಅಗತ್ಯವಿಲ್ಲದ ಅಡೆತಡೆಗಳನ್ನು ಮನಸಾರೆ ಒಪ್ಪಿಕೊಂಡು ಅವನ್ನು ದಾಟಲು ಯತ್ನಿಸುವುದೇ ಆಟ. ಹಾಗಿದ್ದರೆ ಒಂದೇ ಊರಿನ ಪಣ ತೊಟ್ಟವನು ಆಟದಿಂದ ದೂರ ಸರಿದಿಲ್ಲ, ಆಟದ ತಿರುಳಿಗೆ ಇನ್ನಷ್ಟು ಹತ್ತಿರ ಬಂದಿದ್ದಾನೆ. ಸೋತ ಕೂಡಲೇ ಹಳೆಯ ಸೇವ್ ತೆರೆದು ಪಾಸೆಯನ್ನು ಮತ್ತೆ ಉರುಳಿಸುವ ಚಟವನ್ನು ತಾನಾಗಿಯೇ ತೊರೆಯುವುದೂ ಇಂಥದೇ ನಿರ್ಬಂಧ. 2012ರ ‘ಎಕ್ಸ್‌ಕಾಂ’ ಎಂಬ ಆಟ ಹಿಂದಿನ ನಡೆಗೆ ಮರಳಲಾಗದ ‘ಐರನ್‌ಮ್ಯಾನ್’ ಬಗೆಯನ್ನು ಆಟದೊಳಗೇ ಕೊಟ್ಟಿತು.

ಎರಡನೆಯದು ಲಾಭಗಣನೆಯ ಪಂಥ. ನಾಲ್ಕನೆಯ ‘ಸಿವಿಲೈಸೇಷನ್’ನ ವಿನ್ಯಾಸಕಾರ ಸೊರೆನ್ ಜಾನ್ಸನ್ ಅವರ ಪ್ರಕಾರ ಅವಕಾಶ ಸಿಕ್ಕರೆ ಆಟಗಾರರು ಲಾಭದ ಲೆಕ್ಕದಲ್ಲಿ ಆಟದ ಸುಖವನ್ನೇ ಹಿಂಡಿ ತೆಗೆದುಬಿಡುತ್ತಾರೆ, ಆದ್ದರಿಂದ ಆಟಗಾರನನ್ನು ಅವನಿಂದಲೇ ಕಾಪಾಡುವುದು ವಿನ್ಯಾಸಕಾರನ ಹೊಣೆ. ಊರು ಹರಡುವ ತಂತ್ರದ ಚರಿತ್ರೆಯನ್ನು ಈ ಮಾತು ಚೆನ್ನಾಗಿ ವಿವರಿಸುತ್ತದೆ. ಗೆಲುವಿನ ಅವಕಾಶವನ್ನು ಬೇಕೆಂದೇ ಕಡಿಮೆ ಮಾಡಿಕೊಳ್ಳುವವರನ್ನು ಮಾತ್ರ ಇದು ವಿವರಿಸಲಾರದು. ಸುಖ ಎಲ್ಲಿದೆಯೆಂದು ವಿನ್ಯಾಸಕಾರನಿಗೆ ಮೊದಲೇ ಗೊತ್ತಿದೆ ಎಂಬ ಊಹೆಯ ಮೇಲೆ ನಿಂತಿರುವುದು ಈ ಪಂಥದ ದೊಡ್ಡ ಕೊರತೆ.

ಮೂರನೆಯದು ಕಥನದ ಪಂಥ. ಇಲ್ಲಿ ಆಟಗಾರ ಗೆಲ್ಲುವ ನಡೆಗಿಂತ ತಾನು ವಹಿಸಿದ ಪಾತ್ರಕ್ಕೆ ಒಪ್ಪುವ ನಡೆಯನ್ನು ಆರಿಸುತ್ತಾನೆ. 2009ರ ‘ಎಂಪೈರ್: ಟೋಟಲ್ ವಾರ್’ ಆಟದಲ್ಲಿ ಕದನಗಳು ಬಿಡುವಿಲ್ಲದೆ ಓಡಿದರೂ ರಾಜ್ಯಭಾರದ ನಕ್ಷೆ ನಡೆಯುವುದು ಸರದಿಯಲ್ಲಿ, 1700ರಿಂದ ಆರಂಭವಾಗುವ ಆ ನಕ್ಷೆಯಲ್ಲಿ ಮರಾಠರನ್ನು ಆಟಗಾರ ಆರಿಸಿಕೊಳ್ಳಬಹುದು, ಮೈಸೂರು ಮಾತ್ರ ಕಂಪ್ಯೂಟರ್ ನಡೆಸುವ ಸಣ್ಣ ಪಕ್ಷ. ಕಡತಗಳನ್ನು ತಿದ್ದಿ ಅಂಥ ಪಕ್ಷಗಳನ್ನು ತಮ್ಮ ಕೈಗೆ ತೆಗೆದುಕೊಳ್ಳುವುದು ಆಟಗಾರರಲ್ಲಿ ರೂಢಿಯಾಯಿತು. ಮೈಸೂರನ್ನಾಳಿದ ಹೈದರಾಲಿ ಹುಟ್ಟಿದ ಬೂದಿಕೋಟೆ ಇರುವುದು ಕೋಲಾರ ಜಿಲ್ಲೆಯಲ್ಲೇ. ಅವನ ತಂದೆಯ ಗೋರಿ ಕೋಲಾರ ಪಟ್ಟಣದಲ್ಲಿದೆ. ಆ ನೆಲದವರಿಗೆ ಮೈಸೂರನ್ನು ಆಡಲಾಗದು ಎಂಬುದು ಬರೀ ತಾಂತ್ರಿಕ ಮಿತಿಯಾಗಿ ಕಾಣಲಾರದು. ಹಾಗಾಗಿ ನಿಯಮ ಮುರಿಯುವುದಕ್ಕೆ ಇಲ್ಲಿ ನ್ಯಾಯವಾದ ಕಾರಣವೇ ಇದೆ.

ಆಟಗಾರರ ಕಥೆ ಆಟವನ್ನೇ ತಿದ್ದಿದ ಪ್ರಸಂಗವೊಂದು ಭಾರತೀಯರಿಗೆ ಹತ್ತಿರದ್ದು. ಮೊದಲ ‘ಸಿವಿಲೈಸೇಷನ್’ನಲ್ಲಿ ಲೆಕ್ಕದ ದೋಷದಿಂದ ಗಾಂಧೀಜಿಯ ಪಾತ್ರ ಅಣುಬಾಂಬು ಹಾಕುವಷ್ಟು ಉಗ್ರವಾಗುತ್ತಿತ್ತೆಂಬ ಮಾತು ಬಹುಕಾಲ ಹರಿದಾಡಿತು. ಅಂಥ ದೋಷವೇ ಇರಲಿಲ್ಲವೆಂದು ಸಿಡ್ ಮೈಯರ್ 2020ರ ತಮ್ಮ ಆತ್ಮಕಥನದಲ್ಲಿ ತಿಳಿಸಿದರು. ಅಷ್ಟರೊಳಗೆ ಐದನೆಯ ಆವೃತ್ತಿಯಲ್ಲಿ ಆ ಪಾತ್ರದ ಅಣ್ವಸ್ತ್ರದ ಒಲವನ್ನು ಬೇಕೆಂದೇ ಎಲ್ಲರಿಗಿಂತ ಮೇಲಿಟ್ಟಾಗಿತ್ತು.

ಕೊನೆಯಿಲ್ಲದ ಆಟವನ್ನೂ ಕಥನದ ಪಂಥಕ್ಕೇ ಸೇರಿಸುವುದು ಸರಿ. ಎರಡನೆಯ ‘ಸಿವಿಲೈಸೇಷನ್’ನ ಒಂದೇ ಆಟವನ್ನು ಹತ್ತು ವರ್ಷ ಬಿಟ್ಟುಬಿಟ್ಟು ಮುಂದುವರಿಸಿದ ಆಟಗಾರನೊಬ್ಬ 2012ರಲ್ಲಿ ತನ್ನ ಜಗತ್ತಿನ ವರದಿ ಕೊಟ್ಟಾಗ ಆಟದ ಕಾಲಮಾನದಲ್ಲಿ ಕ್ರಿ.ಶ. 3991 ನಡೆಯುತ್ತಿತ್ತು. ಮೂರೇ ರಾಜ್ಯಗಳು ಉಳಿದು, ಸಾವಿರದ ಏಳುನೂರು ವರ್ಷಗಳಿಂದ ಬಿಡದೆ ಕಾದಾಡಿ, ಧ್ರುವಗಳ ಹಿಮ ಮತ್ತೆಮತ್ತೆ ಕರಗಿ, ಬೆಳೆಯುವ ನೆಲವೆಲ್ಲ ಜವುಗಾಗಿತ್ತು. ವಿನ್ಯಾಸಕಾರರು ಊಹಿಸದಿದ್ದ ಇಂಥ ಜಗತ್ತು ನಿಯಮಗಳ ಒಳಗೇ ಅಡಗಿತ್ತೆಂಬುದನ್ನು ಅವರ ರಾಜಮಾರ್ಗದಲ್ಲಿ ನಡೆದ ಯಾರೂ ಕಾಣುವಂತಿರಲಿಲ್ಲ.

ನಾಲ್ಕನೆಯದು ಪ್ರತಿರೋಧದ ಪಂಥ. ಈ ಬಗೆಯ ಸಾಮ್ರಾಜ್ಯದಾಟಗಳನ್ನು ಹುಡುಕು, ಹರಡು, ದೋಚು, ಅಳಿಸು ಎಂಬ ನಾಲ್ಕು ಕ್ರಿಯೆಗಳಿಂದ ಗುರುತಿಸುವ ಪದ್ಧತಿಯನ್ನು 1993ರಲ್ಲಿ ವಿಮರ್ಶಕ ಅಲನ್ ಎಮ್ರಿಚ್ ಆರಂಭಿಸಿದರು. ವಸಾಹತುಶಾಹಿಯ ತರ್ಕವೇ ಇಲ್ಲಿ ಗೆಲುವಿನ ತರ್ಕವಾಗಿದೆಯೆಂಬ ಟೀಕೆ ಅದರ ಹಿಂದೆಯೇ ಬಂತು. ಭಾರತದ ವಿದ್ವಾಂಸ ಸೌವಿಕ್ ಮುಖರ್ಜಿ 2017ರ ತಮ್ಮ ಪುಸ್ತಕದಲ್ಲಿ ವಸಾಹತೋತ್ತರ ಓದಿನಿಂದ ಇಂಥ ಆಟಗಳನ್ನು ಪರಿಶೀಲಿಸಿ, ಆಳಿಸಿಕೊಂಡವರ ಕಡೆಯಿಂದ ಆಡುವುದು ಏನನ್ನು ಬದಲಿಸುತ್ತದೆಂದು ಚರ್ಚಿಸಿದ್ದಾರೆ. ಯುದ್ಧವಿಲ್ಲದೆ ಆಡುವುದು, ಸೋತ ರಾಜ್ಯವನ್ನು ಆರಿಸುವುದು ಈ ಪಂಥಕ್ಕೆ ರಾಜಕೀಯ ನಡೆಗಳು. ಕೋಲಾರದ ಚಿನ್ನದ ಗಣಿಯನ್ನು ಬ್ರಿಟಿಷರ ಜಾನ್ ಟೇಲರ್ ಕಂಪನಿ ಆಳಿದ ದಶಕಗಳನ್ನು ಬಲ್ಲ ಓದುಗರಿಗೆ, ನಕ್ಷೆಯ ಮೇಲಿನ ಚಿನ್ನದ ಗುರುತು ಬರೀ ಆದಾಯದ ಗುರುತಾಗಿ ಉಳಿಯುವುದು ಏಕೆ ಸಾಲದೆಂದು ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಈ ಪಂಥ ಒಂದು ಕಡೆ ತಡವರಿಸುತ್ತದೆ: ಪ್ರೋಗ್ರಾಮಿನ ನಿಯಮ ಹಾಗೆಯೇ ಇರುವಾಗ ಸೋತವರ ಕಡೆಯವನೂ ಗೆಲ್ಲಬೇಕಾದರೆ ಅದೇ ನಾಲ್ಕು ಕ್ರಿಯೆಗಳನ್ನು ಮಾಡಬೇಕಾಗುತ್ತದೆ.

ಈ ಪಂಥಗಳಲ್ಲಿ ಮೊದಲನೆಯದೂ ಮೂರನೆಯದೂ ಕೋಲಾರದ ಜಗಲಿಗೆ ಹೆಚ್ಚು ಹತ್ತಿರ. ಆದರೆ ಎರಡೂ ಒಬ್ಬನೇ ಆಟಗಾರನನ್ನು ಕಣ್ಣಮುಂದಿಟ್ಟುಕೊಂಡು ಬರೆದಂತಿವೆ. ಇಬ್ಬರು ಕೂಡಿ ನಿಯಮ ಕಟ್ಟುವ ಕ್ರಿಯೆಗೆ ಅವುಗಳಲ್ಲಿ ಸಾಕಷ್ಟು ಜಾಗವಿಲ್ಲ.

ಇನ್ನೂ ತೀರ್ಮಾನವಾಗದವು

ತನ್ನೊಂದಿಗೆ ತಾನೇ ಮಾಡಿಕೊಂಡ ಪಣವನ್ನು ನಿಯಮವೆನ್ನಬಹುದೇ ಎಂಬುದು ಮೊದಲ ತೊಡಕು. ಎದುರಿಗೆ ಜನವಿದ್ದಾಗ ಮಾತು ತಪ್ಪಿದರೆ ಕೇಳುವವರಿರುತ್ತಾರೆ. ಒಬ್ಬನೇ ಆಡುವಾಗ ಪಣ ಸಡಿಲಿಸಿದವನು ಮೋಸ ಮಾಡಿದನೇ ಅಥವಾ ಮನಸ್ಸು ಬದಲಿಸಿದನೇ ಎಂಬುದಕ್ಕೆ ಸೂಟ್ಸ್ ಅವರ ವಿವರಣೆಯಲ್ಲಿ ಖಚಿತವಾದ ಉತ್ತರ ಸಿಗುವುದಿಲ್ಲ. ಐರನ್‌ಮ್ಯಾನ್ ಬಗೆ ಪಣವನ್ನು ಯಂತ್ರದ ಕೈಗೊಪ್ಪಿಸಿ ತೊಡಕನ್ನು ಬದಿಗಿಡುತ್ತದೆ, ಬಿಡಿಸುವುದಿಲ್ಲ.

ಅಸಮ ಆಟಗಳ ನ್ಯಾಯದ ಪ್ರಶ್ನೆಯೂ ಬಾಕಿಯಿದೆ. ನೇಪಾಳದ ಬಾಘ್-ಚಾಲ್ ಆಟದಲ್ಲಿ 4 ಹುಲಿ, 20 ಆಡು. ಎರಡೂ ಕಡೆ ತಪ್ಪಿಲ್ಲದೆ ಆಡಿದರೆ ಅದು ಸಮನಾಗಿ ಮುಗಿಯುತ್ತದೆಂದು ಲಿಮ್ ಯೂ ಜಿನ್ ಮತ್ತು ಯುರ್ಗ್ ನೀವರ್‌ಗೆಲ್ಟ್ ಕಂಪ್ಯೂಟರ್ ಲೆಕ್ಕದಿಂದ ತೋರಿಸಿದ್ದಾರೆ. ಆ ಫಲಿತಾಂಶ 23 ಸಂಧಿಗಳ ನಮ್ಮ ಮುಕ್ಕೋನದ ಹಾಸಿಗೆ ಅನ್ವಯಿಸದು. ಅದೂ ಅಲ್ಲದೆ ಎಷ್ಟು ಆಡು ತಿಂದರೆ ಗೆಲುವು ಎಂಬ ಒಂದು ಅಂಕಿ ಬದಲಾದರೆ ಲೆಕ್ಕವೇ ಬೇರೆಯಾಗಬಹುದು. ಈ ನಾಲ್ಕು ತಾಲ್ಲೂಕುಗಳ ವಾಡಿಕೆಗಳನ್ನು ಊರೂರಿನಿಂದ ಕಲೆಹಾಕಿ, ಒಂದೊಂದನ್ನೂ ಹಾಗೆ ಲೆಕ್ಕಕ್ಕೆ ಒಡ್ಡುವ ಕೆಲಸ ಆಗಬೇಕಾಗಿದೆ. ಅಜ್ಜಿಯರು ಒಪ್ಪಿಕೊಂಡ ಅಂಕಿಗಳು ತೂಕ ಅರಿತು ಇಟ್ಟವೇ ಎಂಬುದು ಆಗ ತಿಳಿದೀತು.

ಮುಮ್ಮಡಿಯವರ ದೊಡ್ಡ ಹಾಸುಗಳನ್ನು, 360 ಎಲೆಗಳ ಚಡವನ್ನು ನಿಜವಾಗಿ ಕೂತು ಆಡುತ್ತಿದ್ದರೇ ಅಥವಾ ಅವು ಬುದ್ಧಿಯ ಪ್ರದರ್ಶನಕ್ಕೆ ಮಾಡಿದವೇ ಎಂಬ ಬಗ್ಗೆಯೂ ಒಮ್ಮತವಿಲ್ಲ. ಆಡಿದ್ದರೆಂದಾದರೆ ಜೊತೆಗೆ ಕೂತವರು ಯಾರು, ಅರಸನೊಡನೆ ನಿಯಮದ ಚೌಕಾಸಿ ಸಾಧ್ಯವಿತ್ತೇ ಎಂಬ ಪ್ರಶ್ನೆಗಳು ಅದರ ಬೆನ್ನಿಗೇ ಬರುತ್ತವೆ.

ಇತ್ತೀಚಿನ ತಿರುವು ಇನ್ನೂ ಹೆಚ್ಚು ಚರ್ಚೆ ಬೇಡುತ್ತದೆ. 2020ರಲ್ಲಿ ಡೀಪ್‌ಮೈಂಡ್ ಸಂಸ್ಥೆ ಮಾಜಿ ವಿಶ್ವಚಾಂಪಿಯನ್ ವ್ಲಾದಿಮಿರ್ ಕ್ರಾಮ್ನಿಕ್ ಜೊತೆ ಸೇರಿ, ಸ್ವಂತ ಆಟದಿಂದಲೇ ಕಲಿಯುವ ಆಲ್ಫಾಜೀರೋ ಪ್ರೋಗ್ರಾಮಿಗೆ ಚದುರಂಗದ 9 ಬದಲಿ ನಿಯಮಗಳನ್ನು ಕೊಟ್ಟು, ಪ್ರತಿಯೊಂದರಲ್ಲೂ ಆಟ ಎಷ್ಟು ಸಮತೂಕವೆಂದು ಪರೀಕ್ಷಿಸಿತು. ಪದಾತಿ ಮೊದಲ ನಡೆಯಲ್ಲೂ ಒಂದೇ ಮನೆ ಹೋಗುವುದು ಆ ಒಂಬತ್ತರಲ್ಲಿ ಒಂದು, ಅಂದರೆ ನಮ್ಮ ಹಿರಿಯರು ವಾಡಿಕೆಯಾಗಿ ಆಡುತ್ತಿದ್ದದ್ದೇ. ನಿಯಮದ ಹೊಂದಾಣಿಕೆಯನ್ನು ಯಂತ್ರ ಹೀಗೆ ಮೊದಲೇ ತೂಗಿ ಕೊಡಬಲ್ಲುದಾದರೆ, ಆಟಕ್ಕೆ ಕೂರುವ ಮೊದಲು ಇಬ್ಬರು ಮಾತಾಡಿ ಒಪ್ಪುವುದರಲ್ಲಿ ಸಮತೂಕವಲ್ಲದೆ ಬೇರೇನಿತ್ತು ಎಂಬುದನ್ನು ಯಾವ ಪಂಥವೂ ಇನ್ನೂ ವಿವರಿಸಿಲ್ಲ.